ಹಸಿಗಣ್ಣಿನವಳ ತಂಬಿಗೆ

ಅವತ್ತು ಬೆಳಗಾಗಿದೆಯೋ ಇಲ್ಲವೋ ಎನ್ನುವುದೇ ನನಗೆ ತಿಳಿಯಲಿಲ್ಲ. ಎಚ್ಚರವಂತೂ ಆಗಿತ್ತು. ಹಿತ್ತಲಲ್ಲಿ ಕೋಳಿ ಎರಡು ಸಲ ಕೂಗಿದ್ದು ಕೇಳಿಸಿತ್ತು. ಆದರೆ ಕಣ್ಣು ಬಿಡಲು ಹೋದರೆ ರೆಪ್ಪೆ ಏಳಲೇ ಇಲ್ಲ. ಒಳಗೆ ಮರಳು ಬಿದ್ದ ಹಾಗೆ ಚುಚ್ಚುತ್ತಿತ್ತು. ಕನಸಿರಬೇಕು ಎಂದು ಮಗ್ಗುಲು ಬದಲಿಸಿದೆ. ಮೊಣಕೈ ಗೋಡೆಗೆ ಬಡಿದು ಜುಮ್ಮೆಂದಿತು. ಕನಸಲ್ಲ. ಹನ್ನೊಂದು ವರ್ಷದಲ್ಲಿ ಮೊದಲ ಸಲ ನನ್ನ ಕಣ್ಣು ಒಣಗಿದ್ದವು.

ನಮ್ಮ ಊರಿನಲ್ಲಿ ರಾತ್ರಿ ಎಲ್ಲರ ಕಣ್ಣೂ ಒಣಗುತ್ತವೆ. ದೀಪ ಹಚ್ಚುವ ಹೊತ್ತಿಗೆ ಮನೆಮನೆಯಲ್ಲೂ ಅದರದೇ ಗಡಿಬಿಡಿ. ಒಬ್ಬರು ರೆಪ್ಪೆಗೆ ಹರಳೆಣ್ಣೆ ಸವರಿಕೊಂಡರೆ ಇನ್ನೊಬ್ಬರು ಸೌತೆಕಾಯಿ ಹೋಳು ಇಟ್ಟುಕೊಳ್ಳುತ್ತಾರೆ. ಹಾಲಿನಲ್ಲಿ ಅದ್ದಿದ ಅರಳೆ, ಕೊತ್ತಂಬರಿ ಬೀಜ ನೆನೆಸಿದ ನೀರು, ತಲೆದೆಸೆಯಲ್ಲಿ ಒಂದು ಹರಿವಾಣ ನೀರು, ಹೀಗೆ ಅವರವರಿಗೆ ಅವರವರದೇ ದೊಡ್ಡದು. ಗಾಳಿ ಬರುವ ಕಿಟಕಿಗೆ ಗೋಣಿಚೀಲ ಕಟ್ಟುತ್ತಾರೆ. ಇಷ್ಟೆಲ್ಲ ಮಾಡಿದರೆ ಉರಿ ಕಡಿಮೆಯಾಗುತ್ತದೆ, ಅಷ್ಟೇ. ಬೆಳಗಿಗೆ ರೆಪ್ಪೆ ಅಂಟಿಕೊಂಡೇ ಇರುತ್ತವೆ. ತಾನೇ ಬಿಡಿಸಿಕೊಳ್ಳಲು ಹೋದವರು ಮೂರು ದಿನ ಕೆಂಪು ಕಣ್ಣಿಟ್ಟುಕೊಂಡು ತಿರುಗಬೇಕು. ತನ್ನ ಕೈಯ ನೀರು ತನ್ನ ಕಣ್ಣಿಗೆ ಹತ್ತುವುದಿಲ್ಲ. ಬೇರೆ ಓಣಿಯವರ ಕೈಯೂ ಹತ್ತುವುದಿಲ್ಲ. ನಮ್ಮ ಓಣಿಯವರೇ, ಅದೂ ಆಗಲೇ ಕಣ್ಣು ಬಿಟ್ಟವರೇ, ಬಿಸಿನೀರಿನಲ್ಲಿ ಹಿಂಡಿದ ಅರಿವೆಯನ್ನು ರೆಪ್ಪೆಯ ಮೇಲಿಟ್ಟು, ಮೂಗಿನ ಕಡೆಯಿಂದ ಕಿವಿಯ ಕಡೆಗೆ ಮೆಲ್ಲಗೆ ಒರೆಸಬೇಕು. ಆಮೇಲೆ ಹತ್ತು ಎಣಿಸಿ, ಮೊದಲು ನೆಲ ನೋಡಿ, ನಂತರ ಬೆಳಕು ನೋಡಬೇಕು. ಅವಸರ ಮಾಡಿದರೆ ಎಲ್ಲ ಮಸುಕು.

ಹಾಗಾದರೆ ಎಲ್ಲರಿಗಿಂತ ಮೊದಲು ಏಳುವವರು ಯಾರು? ಅದಕ್ಕೇ ಓಣಿಗೊಬ್ಬಳು ಹಸಿಗಣ್ಣಿನವಳು ಇರುತ್ತಾಳೆ. ನಮ್ಮ ಓಣಿಗೆ ನಾನು. ನಮ್ಮ ಮನೆಯವರು ಒಳ್ಳೆಯ ಬಡಿಗರು. ಜ್ವರ ಬಂದು ಎಂಟೇ ದಿನಕ್ಕೆ ಹೋಗಿಬಿಟ್ಟರು. ಮಣ್ಣು ಮಾಡಿ ಬಂದ ಮರುದಿನ ನಾನು ಕಣ್ಣು ತುಂಬ ನೀರಿಟ್ಟುಕೊಂಡೇ ಎದ್ದೆ. ನಿದ್ದೆಯಲ್ಲೂ ಅಳುವವರ ಕಣ್ಣು ಒಣಗುವುದಿಲ್ಲ. ಹಳೆಯ ಹಸಿಗಣ್ಣಿನ ಮುದುಕಿಗೆ ಆಗ ಏಳಲು ಆಗುತ್ತಿರಲಿಲ್ಲ. ಹಿರಿಯರು ಬಂದು ತಾಮ್ರದ ತಂಬಿಗೆಯನ್ನೂ ಬಿಳಿ ಅರಿವೆಯನ್ನೂ ನನ್ನ ಕೈಗೆ ಕೊಟ್ಟರು. ಬೇರೆ ಊರುಗಳಲ್ಲಿ ಗಂಡ ಸತ್ತವಳ ಮುಖವನ್ನು ಮುಂಜಾನೆ ಯಾರೂ ನೋಡುವುದಿಲ್ಲವಂತೆ. ನಮ್ಮ ಓಣಿಯಲ್ಲಿ ನನ್ನ ಮುಖ ಕಾಣದೆ ಯಾರಿಗೂ ಬೆಳಗೇ ಆಗುವುದಿಲ್ಲ. ಇಪ್ಪತ್ನಾಲ್ಕು ವರ್ಷದ ವಿಧವೆಗೆ ಅದು ಸಣ್ಣ ಮಾತಲ್ಲ. ಮದುವೆಮನೆಗೆ ಮೊದಲ ಕರೆ ನನಗೆ, ತೊಟ್ಟಿಲಿಗೆ ಹಾಕಿದ ಕೂಸಿನ ಕಣ್ಣು ಮೊದಲು ತೆರೆಸುವವಳು ನಾನು.

ಆದರೆ ಕಣ್ಣು ಒಣಗಿದರೆ ತಂಬಿಗೆ ಇನ್ನೊಬ್ಬರ ಕೈಗೆ ಹೋಗುತ್ತದೆ. ಗಾಣದ ಓಣಿಯಲ್ಲಿ ಒಬ್ಬಳಿಗೆ ಹಾಗಾಯಿತು. ಯಾರೂ ಅವಳನ್ನು ಬೈಯಲಿಲ್ಲ. ಅವಳು ಎದುರಿಗೆ ಬಂದರೆ ಮಾತ್ರ ಜನ ಸುಮ್ಮನೆ ನೆಲ ನೋಡುತ್ತಾರೆ. ಗಂಡನನ್ನು ಮರೆತವಳು ಎಂದು ಬಾಯಿಬಿಟ್ಟು ಹೇಳಬೇಕಾಗಿಯೇ ಇಲ್ಲ.

ಅವತ್ತು ನಾನು ಚಾಪೆಯ ಮೇಲೆ ಬಿದ್ದುಕೊಂಡು ಇದನ್ನೇ ಯೋಚಿಸುತ್ತಿದ್ದೆ. ನನ್ನ ತಂಬಿಗೆ ಹೋಯಿತು, ಮಾನ ಹೋಯಿತು. ಆಗ ರೆಪ್ಪೆಯ ಮೇಲೆ ಬೆಚ್ಚಗಿನ ಒದ್ದೆ ಅರಿವೆ ಬಿತ್ತು. ಎರಡು ಬೆರಳು ಮೂಗಿನಿಂದ ಕಿವಿಯ ಕಡೆಗೆ ಮೆಲ್ಲಗೆ ಸರಿದವು. ಹತ್ತು ಎಣಿಸಿ, ನೆಲ ನೋಡಿ, ತಲೆ ಎತ್ತಿದರೆ ಯಾರೂ ಇಲ್ಲ. ಬಾಗಿಲು ಎಂದಿನಂತೆ ತೆರೆದೇ ಇತ್ತು. ಹಸಿಗಣ್ಣಿನವಳು ಬರಬೇಕಲ್ಲ, ಅದಕ್ಕೆ ನಮ್ಮ ಊರಿನಲ್ಲಿ ರಾತ್ರಿ ಯಾರೂ ಚಿಲಕ ಹಾಕುವುದಿಲ್ಲ. ಆ ಮೂಲೆಯಲ್ಲಿ ಅತ್ತೆ ಸಂಕವ್ವ ಕೌದಿ ಹೊದ್ದು, ಕಣ್ಣು ಮುಚ್ಚಿಕೊಂಡು, ಗೊರಕೆ ಹೊಡೆಯುತ್ತಿದ್ದಳು.

ನಮ್ಮ ಅತ್ತೆಯ ಬಗ್ಗೆ ಹೇಳಬೇಕು. ನಾವಿಬ್ಬರೂ ಹಳೆಯ ಸೀರೆ, ಅಂಗಿ ಕತ್ತರಿಸಿ ಕೌದಿ ಹೊಲಿದು ಬದುಕುವವರು. ಅತ್ತೆಯ ಕೈ ಚುರುಕು, ನಾಲಿಗೆ ಅದಕ್ಕಿಂತ ಚುರುಕು. ಮಗ ಸತ್ತ ಮೇಲೆ ಅವಳು ಅತ್ತದ್ದನ್ನು ನಾನು ನೋಡಿಲ್ಲ. ಗಟ್ಟಿಗಿತ್ತಿ ಎಂದು ಓಣಿಯೆಲ್ಲ ಹೇಳುತ್ತದೆ, ಕಲ್ಲು ಮನಸ್ಸು ಎಂದು ನಾನೂ ಒಳಗೊಳಗೆ ಅಂದುಕೊಂಡದ್ದುಂಟು. ದಿನಾ ಸಂಜೆ ನಾನು ಅವಳ ರೆಪ್ಪೆಗೆ ಹರಳೆಣ್ಣೆ ಹಾಕಬೇಕು. ದಿನಾ ಬೆಳಗ್ಗೆ ಅವಳು, ಎಣ್ಣೆ ವಾಸನೆ ಎಂದು ಮೂಗು ಮುರಿದು, ದಿಂಬನ್ನು ಬಿಸಿಲಿಗೆ ಹಾಕಬೇಕು. ನನ್ನ ತಂಬಿಗೆಯ ಮೊದಲ ನೀರು ಅವಳಿಗೇ.

ಅವತ್ತೂ ಹಾಗೇ ಮಾಡಿದೆ. ಅರಿವೆ ಇಟ್ಟೆ, ಒರೆಸಿದೆ.

“ಸಾವಕಾಶ ಒರಸ,” ಅತ್ತೆ ಗೊಣಗಿದಳು. “ರೆಪ್ಪಿ ಕಿತ್ತು ಬರತೈತಿ. ಕೈ ಯಾಕ ನಡಗಾಕತ್ತಾವ ಇವತ್ತ?”

“ಚಳಿ ಅತ್ತಿ,” ಅಂದೆ. ಅದು ಬೇಸಿಗೆ. ಅತ್ತೆ ಎದ್ದು ದಿಂಬನ್ನು ಹೊರಗೆ ಒಯ್ದಳು.

ಪಕ್ಕದ ಮನೆಯ ನಿಂಬೆವ್ವ ಕಣ್ಣು ಬಿಟ್ಟವಳೇ ನನ್ನ ಮುಖ ದಿಟ್ಟಿಸಿದಳು. ಓಣಿಯ ಸುದ್ದಿಯೆಲ್ಲ ಅವಳ ಸೆರಗಿನಲ್ಲೇ ಗಂಟು ಹಾಕಿರುತ್ತದೆ. “ಕಾಶಕ್ಕ, ನಿನ್ನ ಕಣ್ಣ ಕೆಂಪಗಾಗ್ಯಾವಲ್ಲ?” ಅಂದಳು.

“ರಾತ್ರಿ ಭಾಳ ಅತ್ತೇನಿ,” ಅಂದೆ.

“ಪಾಪ, ಹನ್ನೊಂದ ವರ್ಷ ಆದ್ರೂ ಮರತಿಲ್ಲ ನೋಡ,” ಎಂದು ನಿಂಬೆವ್ವ ತನ್ನ ಗಂಡನ ಕಡೆ ತಿರುಗಿ, “ನಾ ಸತ್ರ ನೀ ಹನ್ನೊಂದ ದಿನಾರ ಅಳತೀಯೇನ?” ಎಂದು ಕೇಳಿದಳು. ಅವನ ಕಣ್ಣು ಇನ್ನೂ ಅಂಟಿಕೊಂಡಿದ್ದವು. ಅವಳು ಕೂಡಲೇ ತೆರೆಸುವ ಹಾಗೆ ಕಾಣಲಿಲ್ಲ. ನನಗೆ ನಾಚಿಕೆಯಾಗಿ ಅಲ್ಲಿಂದ ಎದ್ದುಬಂದೆ.

ಮರುದಿನವೂ ಹಾಗೇ ಆಯಿತು. ಅದರ ಮರುದಿನವೂ ಆಯಿತು. ಕಣ್ಣು ಅಂಟುವುದು, ಬೆಚ್ಚಗಿನ ಅರಿವೆ ಬೀಳುವುದು, ಹತ್ತು ಎಣಿಸಿ ನೋಡಿದರೆ ಯಾರೂ ಇಲ್ಲದಿರುವುದು. ತಲೆ ಕೆಟ್ಟು ಹೋಯಿತು. ಬೇರೆ ಓಣಿಯವರು ಬಂದರೆ ಅವರ ಕೈ ಹತ್ತುವುದಿಲ್ಲ. ನಮ್ಮ ಓಣಿಯವರೋ, ನಾನು ಹೋಗಿ ತೆರೆಸುವ ತನಕ ಎಲ್ಲರೂ ಕಣ್ಣು ಅಂಟಿಸಿಕೊಂಡು ಬಿದ್ದಿರುತ್ತಾರೆ. ಎದುರುಮನೆಯ ಗದಿಗೆಪ್ಪ ಮಾಸ್ತರರ ಹೆಂಡತಿ ತೀರಿ ಎರಡು ವರ್ಷವಾಗಿದೆ, ಅವರೇನಾದರೂ ಹಸಿಗಣ್ಣಿನವರಾಗಿದ್ದಾರೋ ಎಂದು ಒಂದು ದಿನ ಅನುಮಾನ ಬಂತು. ಅವರ ರೆಪ್ಪೆ ಮುಟ್ಟಿ ನೋಡಿದೆ. ಕಡಲೆ ಸಿಪ್ಪೆಯಷ್ಟು ಒಣಗಿದ್ದವು. “ಏನವಾ, ಪರೀಕ್ಷಾ ಮಾಡಾಕತ್ತೀಯೇನ?” ಎಂದು ಮಾಸ್ತರರು ಕಣ್ಣು ಮುಚ್ಚಿಕೊಂಡೇ ನಕ್ಕರು. ನನ್ನ ಮುಖ ಕೆಂಪಾದದ್ದು ಅವರಿಗೆ ಕಾಣಲಿಲ್ಲ, ಪುಣ್ಯ.

ಮತ್ತೆ ಮೊದಲಿನ ಹಾಗೆ ಅಳಬೇಕೆಂದು ಏನೇನೋ ಮಾಡಿದೆ. ನಮ್ಮ ಮನೆಯವರ ಉಳಿಯನ್ನು ದಿಂಬಿನ ಕೆಳಗೆ ಇಟ್ಟುಕೊಂಡೆ. ಆ ಎಂಟು ದಿನದ ಜ್ವರವನ್ನು ದಿನಕ್ಕೊಂದರಂತೆ ನೆನಪು ಮಾಡಿಕೊಂಡೆ. ನೆನಪು ಬಂತು, ಅಳು ಬರಲಿಲ್ಲ. ಬದಲಿಗೆ ಮದುವೆಯಾದ ಹೊಸದರಲ್ಲಿ ಅವರು ಮೆಣಸಿನಕಾಯಿ ಬಜಿ ತಿಂದು ಬಿಕ್ಕಳಿಕೆ ಹತ್ತಿ, ಇಡೀ ಸಂಜೆ ಬಿಕ್ಕುತ್ತಲೇ ಹಲಗೆ ಹೆರೆಯುವ ರಂದ ಹೊಡೆದು ಬಾಗಿಲನ್ನು ಸೊಟ್ಟ ಮಾಡಿದ್ದು ನೆನಪಾಯಿತು. ನಗು ಬಂತು. ನಗುತ್ತಲೇ ನಿದ್ದೆ ಹೋದೆ. ಬೆಳಗ್ಗೆ ರೆಪ್ಪೆ ಮತ್ತೆ ಒಣಗಿದ್ದವು. ನನಗೆ ಏನಾಗಿದೆ? ಅವರ ಮೇಲಿನ ಮಾಯೆ ತೀರಿತೇ? ಇಲ್ಲ ಮೊದಲೇ ಇರಲಿಲ್ಲವೇ? ಇಷ್ಟು ವರ್ಷ ಅತ್ತದ್ದು ಅವರಿಗಾಗಿಯೋ, ತಂಬಿಗೆಗಾಗಿಯೋ? ಹೊಲಿಯಲು ಕೂತರೆ ಸೂಜಿಗೆ ದಾರ ಪೋಣಿಸುವುದೇ ಮರೆತುಹೋಗುತ್ತಿತ್ತು.

ಐದನೆಯ ದಿನ ಮಲಗುವ ಮುಂಚೆ ಹೊಸ್ತಿಲ ಒಳಗೆ ರಂಗೋಲಿ ಪುಡಿ ತೆಳ್ಳಗೆ ಉದುರಿಸಿದೆ. ಬಂದವರ ಹೆಜ್ಜೆಯಾದರೂ ಮೂಡಲಿ ಎಂದು. ಬೆಳಗ್ಗೆ ಅರಿವೆ ಬಿತ್ತು, ಬೆರಳು ಸರಿದವು, ಕಣ್ಣು ಬಿಟ್ಟೆ. ಪುಡಿ ಹಾಕಿದ್ದು ಹಾಕಿದ ಹಾಗೇ ಇತ್ತು. ಒಂದು ಇರುವೆ ಹರಿದ ಗುರುತೂ ಇರಲಿಲ್ಲ.

ಹೊಸ್ತಿಲು ದಾಟದೆ ಬರುವವರು ಒಬ್ಬರೇ ಎಂದು ನನಗೆ ಖಾತ್ರಿಯಾಯಿತು. ಹೆದರಿಕೆಗಿಂತ ಹೆಚ್ಚಾಗಿ ಗಲಿಬಿಲಿಯಾಯಿತು. ತನ್ನನ್ನು ಮರೆತ ಹೆಂಡತಿಯ ಕಣ್ಣನ್ನು ಗಂಡ ಇಷ್ಟು ಮೆತ್ತಗೆ ಒರೆಸುತ್ತಾನೆಯೇ? ಸಿಟ್ಟಿದ್ದರೆ ಬರಬೇಕಾಗಿರಲಿಲ್ಲ. ಆರನೆಯ ದಿನ ಅರಿವೆ ಬಿದ್ದ ಕೂಡಲೇ ಧೈರ್ಯ ಮಾಡಿ, ಮೆಲ್ಲಗೆ, “ನೀವೇನ್ರಿ?” ಎಂದು ಕೇಳಿದೆ. ಬೆರಳು ನಿಂತವು. ಒಂದು ಗಳಿಗೆ ಬಿಟ್ಟು ಮತ್ತೆ ಸರಿದವು. ಅಷ್ಟೇ ಸಾಕಾಯಿತು ನನಗೆ. ಕೈ ಹಿಡಿಯಬಹುದಿತ್ತು. ಹಿಡಿದರೆ ನಾಳೆ ಬರಲಿಕ್ಕಿಲ್ಲ ಎಂದು ಹಿಡಿಯಲಿಲ್ಲ.

ಒಂಬತ್ತನೆಯ ದಿನ ಗಾಣದ ಓಣಿಯಿಂದ ಅತ್ತೆಯ ತಂಗಿ ಬಂದಳು. ಅವಳ ಮೊಮ್ಮಗಳು ಬಸುರಿ, ಅವತ್ತು ಅವಳಿಗೆ ಸೀಮಂತದ ಕುಬಸ. ಅತ್ತೆ ಬರುವುದಿಲ್ಲ ಎಂದು ಕೂತೇಬಿಟ್ಟಳು.

“ಹೋಗಿ ಬಾ ಅತ್ತಿ,” ಅಂದೆ. “ಸಂಜೀತನಕ ನಾ ಒಬ್ಬಾಕಿ ಇರಲಾರದಾಕಿ ಏನ?”

“ಸಂಜೀತನಕ ಇರತಿ. ಅದು ನನಗ್ಗೊತ್ತೈತಿ,” ಅತ್ತೆ ನನ್ನ ಮುಖವನ್ನು ಒಂದು ಥರ ನೋಡಿದಳು. “ಹೊತ್ತ ಮುಳುಗೂದ್ರಾಗ ಬರತೀನಿ. ಮಲಗಬ್ಯಾಡ.”

ತಂಗಿ ಅವಳನ್ನು ಕೈ ಹಿಡಿದು ಎಳೆದುಕೊಂಡೇ ಹೋದಳು. ಹೊತ್ತು ಮುಳುಗಿದ ಮೇಲೆ ಅಲ್ಲಿಂದ ಸುದ್ದಿ ಬಂತು: ಮೊಣಕಾಲು ಹಿಡಿದುಕೊಂಡಿವೆ, ಅಕ್ಕ ಇವತ್ತು ಇಲ್ಲೇ ಇರುತ್ತಾಳೆ. ಇರಲಿ ಪಾಪ ಎಂದು ನಾನು ದೀಪ ಸಣ್ಣದು ಮಾಡಿ ಮಲಗಿದೆ. ನನ್ನವರು ಇದ್ದಾರಲ್ಲ ಎಂದು ಧೈರ್ಯ.

ಕೋಳಿ ಕೂಗಿತು. ಅರಿವೆ ಬೀಳಲಿಲ್ಲ. ಕೋಳಿ ಮತ್ತೆ ಕೂಗಿತು. ಕಾಗೆಗಳೂ ಎದ್ದವು. ನಾನು ಮುಖ ಮೇಲೆ ಮಾಡಿಕೊಂಡು ಕಾಯುತ್ತಲೇ ಇದ್ದೆ. ಅವರಿಗೆ ಇವತ್ತು ಸಿಟ್ಟು ಬಂದಿರಬೇಕು, ಅದಕ್ಕೇ ಬರಲಿಲ್ಲ. ನಿನ್ನೆ ನಾನು ಏನು ಮಾಡಿದೆ ಎಂದು ಒಂದೊಂದಾಗಿ ನೆನೆದು ನೋಡಿದೆ. ಅಷ್ಟರಲ್ಲಿ ಬಾಗಿಲಿನಿಂದ ಬಿಸಿಲು ಬಂದು ಪಾದ ಸುಡತೊಡಗಿತು. ಮೊಣಕಾಲಿನ ತನಕ ಏರಿತು.

ಎದುರುಮನೆಯಿಂದ ಗದಿಗೆಪ್ಪ ಮಾಸ್ತರರ ದನಿ ಬಂತು. “ಕಾಶವ್ವ, ಇನ್ನೂ ಬೆಳಗಾಗಿಲ್ಲೇನ?”

ನನ್ನ ಬಾಯಿಂದ ಹೇಗೆ ಬಂತೋ ಗೊತ್ತಿಲ್ಲ. “ಇಲ್ರಿ ಮಾಸ್ತರ, ಇನ್ನೂ ಕತ್ತಲೈತಿ. ಮಲಗ್ರಿ,” ಅಂದೆ.

“ಹೌದೇನ,” ಎಂದರು ಮಾಸ್ತರರು. ನಲವತ್ತು ವರ್ಷ ಮಕ್ಕಳಿಗೆ ಪಾಠ ಹೇಳಿದವರು, ನನ್ನ ಮಾತು ನಂಬಿ ಮಗ್ಗುಲು ಬದಲಿಸಿದ್ದು ಕೇಳಿಸಿತು.

ಸ್ವಲ್ಪ ಹೊತ್ತಿಗೆ ನಿಂಬೆವ್ವ ಕೂಗಿದಳು. “ಕಾಶಕ್ಕ, ಮೈಯೆಲ್ಲ ಬೆವರಾಕತ್ತೈತಿ.”

“ಬ್ಯಾಸಗಿ ರಾತ್ರಿ ಅಲ್ಲೇನ,” ಅಂದೆ.

“ದನ ಒದರಾಕತ್ತಾವ.”

“ಅವಕ್ಕೂ ಶಕಿ.”

ಆಚೆ ಮನೆಯಿಂದ ಯಾರೋ, ರಾತ್ರಿ ಇಷ್ಟು ಉದ್ದ ಆದದ್ದು ತಮ್ಮ ಜೀವಮಾನದಲ್ಲಿ ನೋಡಿಲ್ಲ ಎಂದರು. ಇನ್ನೊಬ್ಬರು ತಮ್ಮ ಅಜ್ಜನ ಕಾಲದಲ್ಲೊಮ್ಮೆ ಹೀಗಾಗಿತ್ತು ಎಂದರು. ಮನೆಯಿಂದ ಮನೆಗೆ ಮಾತು ಹತ್ತಿತು. ಕಣ್ಣು ಮುಚ್ಚಿಕೊಂಡ ಓಣಿ, ಸುಡುವ ಬಿಸಿಲಿನಲ್ಲಿ, ರಾತ್ರಿಯ ಬಗ್ಗೆ ಚರ್ಚೆ ಮಾಡಿತು. ನನಗೆ ಅಳು ಬರುವಷ್ಟು ಅಂಜಿಕೆ. ಬಂದಿದ್ದರೆ ಒಳ್ಳೆಯದೇ ಆಗುತ್ತಿತ್ತು, ಬರಲಿಲ್ಲ.

ಆಮೇಲೆ ಬೇರೆ ಓಣಿಯ ಮೊಸರು ಮಾರುವವಳು ಬಂದಳು. “ಏನ್ರವಾ, ನೆತ್ತಿ ಮ್ಯಾಲ ಸೂರ್ಯ ಬಂದಾನ, ಎಲ್ಲಾರೂ ಮಲಗೇ ಇದ್ದೀರಿ,” ಎಂದು ಓಣಿಯ ನಡುವೆ ನಿಂತು ಕೂಗಿದಳು.

ಒಮ್ಮೆಲೇ ಎಲ್ಲ ಕಡೆ ಸದ್ದು ನಿಂತಿತು. ಯಾರೂ ನನ್ನ ಹೆಸರು ಹಿಡಿದು ಕರೆಯಲಿಲ್ಲ. ಕಣ್ಣು ಅಂಟಿದ್ದರೂ ಎಲ್ಲರೂ ನೆಲ ನೋಡುತ್ತಿದ್ದಾರೆ ಎನಿಸಿತು. ಸತ್ತುಹೋದರೆ ಚೆನ್ನಾಗಿತ್ತು ಎಂದುಕೊಂಡು ಕೌದಿಯನ್ನು ತಲೆಯ ತನಕ ಎಳೆದುಕೊಂಡೆ.

ಅಷ್ಟರಲ್ಲಿ ದೂರದಿಂದ ಚಪ್ಪಲಿಯ ಸದ್ದು ಕೇಳಿತು. ಒಂದು ಕಾಲು ಊರಿ, ಇನ್ನೊಂದನ್ನು ಎಳೆಯುವ ಸದ್ದು. ಅದು ನಮ್ಮ ಬಾಗಿಲಿಗೇ ಬಂತು. ಯಾರೋ ಏದುಸಿರು ಬಿಡುತ್ತ ಕುಳಿತು, ಕೌದಿ ಸರಿಸಿದರು. ಒದ್ದೆ ಅರಿವೆ ಬಿತ್ತು. ಅವತ್ತು ನೀರು ಕಾಸಲು ಹೊತ್ತಿರಲಿಲ್ಲ, ತಣ್ಣಗಿತ್ತು. ಬೆರಳು ಮೂಗಿನಿಂದ ಕಿವಿಯ ಕಡೆಗೆ ಸರಿದವು. ಈ ಸಲ ನಾನು ಆ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡೆ. ಹೆಬ್ಬೆರಳಿನ ತುದಿ ಒರಟಾಗಿತ್ತು. ಕೌದಿಯ ಸೂಜಿ ಒತ್ತಿ ಒತ್ತಿ ಗಟ್ಟಿಯಾದ ಚರ್ಮ. ಅಂಥದ್ದೇ ನನ್ನ ಹೆಬ್ಬೆರಳಿನಲ್ಲೂ ಇದೆ. ಹತ್ತು ಎಣಿಸಲಿಲ್ಲ. ಕಣ್ಣು ಬಿಟ್ಟೆ. ಮಸುಕಿನಲ್ಲಿ ಅತ್ತೆಯ ಮುಖ ಕಂಡಿತು. ಅವಳ ಕಣ್ಣು ಕೆಂಪಗೆ ಊದಿ, ಅಂಚಿನ ತನಕ ನೀರು ತುಂಬಿತ್ತು.

“ಅತ್ತಿ, ನಿನ್ನ ಕಣ್ಣ,” ಅಂದೆ.

“ಹಸೀನ ಅದಾವ. ಅಂವ ಹೋದ ದಿನದಿಂದ,” ಅತ್ತೆ ಅರಿವೆ ಹಿಂಡಿದಳು. “ಅಲ್ಲಿ ನಸುಕಿನ್ಯಾಗ ಎದ್ದೆ. ಬರಬೇಕಂದ್ರ ಈ ಹಾಳಾದ ಕಾಲು ಏಳಲಿಲ್ಲ.”

ಹನ್ನೊಂದು ವರ್ಷ. ಪ್ರತಿ ಬೆಳಗ್ಗೆ ನಾನು ಹೋಗಿ ತೆರೆಸುವ ತನಕ ಅವಳು ಎಚ್ಚರವಾಗಿಯೇ, ಕಣ್ಣು ಮುಚ್ಚಿಕೊಂಡು ಬಿದ್ದಿದ್ದಳು. ಬಿಸಿಲಿಗೆ ಹಾಕುತ್ತಿದ್ದ ದಿಂಬಿಗೆ ಹತ್ತಿದ್ದು ಎಣ್ಣೆಯಲ್ಲ, ಕಣ್ಣೀರು. ಹೊಸ್ತಿಲಿಗೆ ಪುಡಿ ಉದುರಿಸಿದ ಜಾಣೆ ನಾನು, ಎರಡು ಚಾಪೆಯ ನಡುವೆ ಒಂದು ಚಿಟಿಕೆ ಉದುರಿಸಬೇಕೆಂದು ನನಗೆ ಹೊಳೆಯಲೇ ಇಲ್ಲ.

“ಯಾಕ ಹೇಳಲಿಲ್ಲ?” ಎಂದು ಕೇಳಿದೆ.

“ಹೇಳಿದ್ರ ತಂಬಿಗಿ ಹಿರ್ಯಾಕಿ ಅಂತ ನನಗ ಕೊಡತಿದ್ರು. ನನಗ್ಯಾಕದು? ಮುದುಕಿ. ಯಾರ ನೋಡಿದ್ರೇನು, ಬಿಟ್ರೇನು. ನಿನ್ನ ಮುಖ ನಾಕ ಮಂದಿ ಮುಂಜಾನೆ ನೋಡಬೇಕಾಗಿತ್ತು. ನೀ ಹಾಸಿಗಿ ಬಿಟ್ಟು ಏಳಬೇಕಾಗಿತ್ತು.” ಅತ್ತೆ ಸೆರಗಿನಿಂದ ಮೂಗು ಒರೆಸಿಕೊಂಡಳು. “ಮೊನ್ನೆ ನನ್ನ ಮಗ ಮಾನ್ಯಾನ ನೀಲಿ ಅಂಗಿ ಕತ್ತರಿಸಿ ಕೌದಿಗಿ ಹಚ್ಚಿದಿ. ಖಬರೈತೇನ?”

ನನಗೆ ನೆನಪಿರಲಿಲ್ಲ. ನೀಲಿ ಚೂರೊಂದನ್ನು ಕತ್ತರಿಸಿದ್ದು ನಿಜ. ಅವರ ಅಂಗಿ ಎಂದು ಗೊತ್ತೇ ಆಗಿರಲಿಲ್ಲ. ನಿಂಬೆವ್ವನ ಯಾವುದೋ ಮಾತಿಗೆ ನಗುತ್ತಿದ್ದೆ.

“ನಿನ್ನ ಕತ್ತರಿ ನಿಲ್ಲಲಿಲ್ಲ. ನಾಳೆ ಇಕಿ ಕಣ್ಣ ಒಣಗತಾವು ಅಂತ ಅವತ್ತ ಗೊತ್ತಾತು. ನಸುಕಿಗಿ ಎದ್ದು ನೀರ ಕಾಸಿದೆ.”

“ನಾ ಅವರನ್ನ ಮರತೇನಿ ಅತ್ತಿ,” ಅಂದೆ. ಆ ಮಾತು ಆಡಿದ ಮೇಲೆ ನನಗೆ ಅಳು ಬಂತು. ಹಾಡುಹಗಲು, ಎಚ್ಚರವಾಗಿದ್ದು, ಎಲ್ಲರಿಗೂ ಕೇಳಿಸುವ ಹಾಗೆ ಅತ್ತುಬಿಟ್ಟೆ. “ನಿನಗ ಸಿಟ್ಟ ಬರಲಿಲ್ಲೇನ?”

“ಬಂತು,” ಅಂದಳು. “ಒಂದ ದಿನ ಬಂತು. ನಾ ಅರಿವಿ ಇಟ್ಟ ಕೂಡಲೆ ‘ನೀವೇನ್ರಿ’ ಅಂದೆಲ್ಲ, ಅವತ್ತ. ಅವನ ದನಿಲೆ ಹೂಂ ಅನ್ನಾಕ ನನಗ ಬರಲಿಲ್ಲ, ಅದಕ್ಕ. ಹುಚ್ಚಿ, ನಿನ್ನ ಕಣ್ಣ ಒಣಗಲಿ ಅಂತ ನಾ ಐದ ವರ್ಷದಿಂದ ಹರಕಿ ಹೊತ್ತೇನಿ. ಏಳ, ಓಣಿ ಕಾಯಾಕತ್ತೈತಿ.”

ತಂಬಿಗೆ ಹಿಡಿದು ಮನೆಮನೆಗೆ ಹೋದೆ. ಎಲ್ಲರೂ ಎಲ್ಲವನ್ನೂ ಕೇಳಿಸಿಕೊಂಡಿದ್ದರು. ನಿಂಬೆವ್ವ ಕಣ್ಣು ಬಿಟ್ಟು ಒಂದೂ ಮಾತಾಡಲಿಲ್ಲ, ಮುಂದೆ ಎರಡು ದಿನ ಕೂಡ ಆಡಲಿಲ್ಲ. ಮಾಸ್ತರರು ಮಾತ್ರ ಹತ್ತು ಎಣಿಸಿ, ನೆಲ ನೋಡಿ, ಆಮೇಲೆ ತಲೆ ಎತ್ತಿ ನನ್ನನ್ನೇ ನೋಡಿದರು. “ಮುಂಜಾನಿ ಇಲ್ಲಂದ್ರ ಮಧ್ಯಾಹ್ನ. ಬೆಳಗಂತೂ ಆತಲ್ಲ, ಬಿಡವಾ,” ಅಂದರು.

ಸಂಜೆ ಹಿರಿಯರು ನಮ್ಮ ಕಟ್ಟೆಗೆ ಬಂದು, ಪದ್ಧತಿಯ ಪ್ರಕಾರ ತಂಬಿಗೆ ಇನ್ನು ಸಂಕವ್ವನದು ಎಂದರು. ಅತ್ತೆ ತನ್ನ ಮೊಣಕಾಲು ತೋರಿಸಿದಳು. “ಈ ಕಾಲ ತಗೊಂಡು ಓಣಿ ತುಂಬ ತಿರಗಂತೀರೇನ? ಇಕಿ ಒಬ್ಬಾಕಿ ಕಣ್ಣ ನಾ ತೆರಸ್ತೀನಿ. ಉಳಿದ ಓಣಿ ಇಕಿ ನೋಡಕೋತಾಳ.” ಹಿರಿಯರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಹಾಗೆ ಮಾಡಬಾರದು ಎಂದು ಯಾರೂ ಎಂದೂ ಹೇಳಿಟ್ಟಿರಲಿಲ್ಲ.

ಈಗ ಹಾಗೇ ನಡೆಯುತ್ತಿದೆ. ಬೆಳಗ್ಗೆ ಎಚ್ಚರವಾದರೆ ನಾನು ಅಂಜುವುದಿಲ್ಲ. ರೆಪ್ಪೆ ಅಂಟಿಸಿಕೊಂಡು ಅತ್ತೆಯ ಕಾಲಿನ ಸದ್ದಿಗೆ ಕಾಯುತ್ತೇನೆ. ಆ ಸದ್ದು ಕೇಳಿದಾಗ ನೆಮ್ಮದಿಯಾಗುತ್ತದೆ. ಕೂಡಲೇ, ಹಾಗಾದರೆ ರಾತ್ರಿಯೂ ಅತ್ತಿದ್ದಾಳೆ ಎಂದು ಹೊಳೆಯುತ್ತದೆ. ಅವಳ ಕಣ್ಣೂ ಒಂದು ದಿನ ಒಣಗಲಿ ಎಂದು ನಾನೂ ಹರಕೆ ಹೊತ್ತಿದ್ದೇನೆ. ಹರಕೆ ಫಲಿಸಿದರೆ ನಮ್ಮಿಬ್ಬರ ಕಣ್ಣನ್ನು, ಈ ಓಣಿಯ ಕಣ್ಣನ್ನು ಯಾರು ತೆರೆಸಬೇಕು ಎಂಬುದು ನನಗೆ ಇನ್ನೂ ತಿಳಿದಿಲ್ಲ. ಆದರೂ ಹರಕೆ ವಾಪಸ್ಸು ತೆಗೆದುಕೊಂಡಿಲ್ಲ.

ಹಿರಿಯರು ಬಂದುಹೋದ ದಿನ ದೀಪ ಹಚ್ಚಿದ ಮೇಲೆ, ಇನ್ನು ಇದರ ಕೆಲಸವಿಲ್ಲ ಎಂದು ಹರಳೆಣ್ಣೆಯ ಬಟ್ಟಲನ್ನು ಗೋಡೆಯ ಮಾಡದಲ್ಲಿ ಎತ್ತಿಡಲು ಹೋಗಿದ್ದೆ. ಅತ್ತೆ ಚಾಪೆಯ ಮೇಲೆ ಅಂಗಾತ ಮಲಗಿ, ಹನ್ನೊಂದು ವರ್ಷ ಮಲಗಿದ ಹಾಗೇ, ಮುಖ ಮೇಲೆ ಮಾಡಿಕೊಂಡು ಕಾಯುತ್ತಿದ್ದಳು.

“ಎಣ್ಣಿ ಎಲ್ಲಿ?” ಅಂದಳು.

“ನಿನ್ನ ಕಣ್ಣಿಗ್ಯಾಕ ಬೇಕು ಅತ್ತಿ?”

“ಹಾಕ ಸುಮ್ಮನ,” ಎಂದು ಕಣ್ಣು ಮುಚ್ಚಿದಳು. “ನಾಳೆ ನನ್ನವೂ ಒಣಗಿದ್ರ?”

ನಾನು ಬಟ್ಟಲು ತಂದು ಒಂದೊಂದು ರೆಪ್ಪೆಗೂ ಎರಡೆರಡು ಹನಿ ಹಾಕಿದೆ.